ಹಾಲಿ

ತಳವಾರಘಟ್ಟದಿಂದ ಆನೆಗುಂದಿಗೆ
ಅವತ್ತಿನ ಕೊನೆಯ ಹರಿಗೋಲು. ಅವಳೊಬ್ಬಳೇ.
ಅರವತ್ತು ದಾಟಿದ ಹೆಂಗಸು, ಬಿಸಿಲಿಗೆ ಸುಟ್ಟು
ಕುಂಬಳದ ಹೋಳಾದ ಮೂಗು.
ನನ್ನ ಕ್ಯೂಆರ್ ಚೌಕದ ಮುಂದೆ ಅವಳ ಫೋನು
ತಿರುಗಿತು, ತಿರುಗಿತು,
ಹುಟ್ಟು ಬಿಟ್ಟ ಹರಿಗೋಲಿನ ಹಾಗೆ.
"ನೋಟೊಂದಿದೆ," ಅಂದಳು, "ಆದರೆ ಅದು ಸತ್ತದ್ದು."

ಅರ್ಧ ಇಂಗ್ಲಿಷು, ಮುಕ್ಕಾಲು ಕೈಸನ್ನೆ:
ಹೆಸರು ಉರ್ವೆ. ದೇಶ ಎಸ್ಟೋನಿಯಾ.
ನಮ್ಮ ಕೊಪ್ಪಳ ಜಿಲ್ಲೆಯಷ್ಟು ಮಂದಿ, ಅಷ್ಟೇ.
ಅಷ್ಟು ಮಂದಿಗೊಂದು ದೇಶ,
ದೇಶಕ್ಕೊಂದು ರೊಕ್ಕ.

ಐದು ಕ್ರೂನಿನ ನೋಟು. ತಿರುವಿ ಹಾಕಿದೆ.
ನಡುವೆ ಹೊಳೆ,
ಆ ದಡಕ್ಕೊಂದು ಕೋಟೆ, ಈ ದಡಕ್ಕೊಂದು ಕೋಟೆ,
ಒಂದನ್ನೊಂದು ದುರುಗುಟ್ಟಿಕೊಂಡು.
ಗುಂಡುಗಲ್ಲಿಲ್ಲ, ಮಂಗಗಳಿಲ್ಲ.
ಉಳಿದಂತೆ ನನ್ನದೇ ಘಟ್ಟ.

ಆಗ ನಮ್ಮಜ್ಜನನ್ನು ಹರಿಗೋಲಿಗೆ ಹತ್ತಿಸಿಕೊಂಡೆ:
ಅಂಬಿಗರ ಯಂಕೋಬಣ್ಣ, ಸೊಂಟಕ್ಕೆ ಎರಡು ಚೀಲ,
ಎಡಕ್ಕೆ ಹಾಲಿ, ಬಲಕ್ಕೆ ಕಲ್ದಾರು.
ಈ ದಡ ನಿಜಾಮನದು, ಆ ದಡ ಕುಂಪಣಿಯದು,
ನಡುವಿನ ನೀರಿಗೆ ಸಿಕ್ಕಾ ಒತ್ತಿದವರಿಲ್ಲ.
ಏಳು ಹಾಲಿಗೆ ಆರು ಕಲ್ದಾರು, ಹೆಚ್ಚುಕಮ್ಮಿ;
ಆ ಹೆಚ್ಚುಕಮ್ಮಿಯಲ್ಲೇ ನಮ್ಮಜ್ಜಿಯ ಮೂಗುತಿ.
ಕರೋಡಗಿರಿ ನಾಕೆಯವನು ಗದರಿದರೆ
"ನಡುನೀರಾಗ ಎಣಿಸೀನ್ರಿ ಸಾಹೇಬ್ರ,
ಅಲ್ಲಿ ಎರಡೂ ಬರೋಬ್ಬರಿ" ಅಂದನಂತೆ.

ಹಾಲಿ ಅಂದರೆ ಈಗಿನದು.
ಹಾಲಿ ಶಾಸಕ, ಮಾಜಿ ಶಾಸಕ ಅಂತೀವಲ್ಲ, ಅದೇ.
ಐವತ್ತೊಂಬತ್ತಕ್ಕೆ ಹಾಲಿ ಮಾಜಿಯಾಯಿತು.
ಹೆಸರು ಮಾತ್ರ ಹಾಲಿಯಾಗಿಯೇ ಉಳಿಯಿತು.
ಅಜ್ಜ ಗಂಟು ಕಟ್ಟಿಕೊಂಡು ಹೋಗುವಷ್ಟರಲ್ಲಿ
ಗಡುವು ದಾಟಿ ಹದಿನೇಳು ದಿನ.
ಗಂಗಾವತಿಯ ಸರಾಫ ತಕ್ಕಡಿಗೆ ಸುರಿದ:
ನಾಲ್ಕು ಮಿನಾರು, ಬಾಗಿಲು, ದೊರೆಯ ಹೆಸರು,
ಎಲ್ಲ ಸೇರಿ ಇಷ್ಟು ತೊಲ.

ಉರ್ವೆ ನಗಲಿಲ್ಲ. ಬೆರಳು ಮಡಿಚತೊಡಗಿದಳು.
ಅವಳಜ್ಜಿ ಲೇಯಿದಾ. ಹುಟ್ಟಿದ ಮನೆಯಲ್ಲೇ ಸತ್ತವಳು,
ಹೊಸ್ತಿಲು ಬದಲಿಸಿದವಳಲ್ಲ.
ತೊಟ್ಟಿಲು ಕೊಂಡದ್ದು ಝಾರನ ರೂಬಲಿಗೆ,
ಶಾಲೆಯ ಸ್ಲೇಟು ಮಾರ್ಕಿಗೆ,
ಮದುವೆಯ ಬೂಟು ಕ್ರೂನಿಗೆ.
ರಷ್ಯದವರು ಬಂದು ರೂಬಲು,
ಜರ್ಮನರು ಬಂದು ಅವರ ಮಾರ್ಕು, ಮತ್ತೆ ರೂಬಲು.
ಈ ಸಲದ್ದು ಹೋಗಲಿಲ್ಲ, ನಲವತ್ತೆಂಟು ವರ್ಷ.
ಒಂದು ಕೈಯ ಬೆರಳು ಸಾಲದೆ
ಇನ್ನೊಂದು ಕೈ ತೆಗೆದಳು.

ತೊಂಬತ್ತೆರಡರ ಜೂನಿನಲ್ಲಿ ಸರತಿ ಸಾಲು.
ತಲೆಗೆ ಸಾವಿರದೈನೂರು ರೂಬಲು ಕೊಟ್ಟರೆ
ನೂರೈವತ್ತು ಕ್ರೂನು, ಅದಕ್ಕೆ ಮೇಲಿಲ್ಲ.
ಮುದುಕಿ ಹೊಸ ನೋಟು ಮೂಸಿ ನೋಡಿ ಅಂದಳಂತೆ:
"ಹೆಸರು ಗುರುತಿನದು. ವಾಸನೆ ಬೇರೆ ಯಾರದೋ."
ಯೂರೋ ಬರುವ ಹೊತ್ತಿಗೆ ಅವಳಿರಲಿಲ್ಲ.
ಅಷ್ಟರಮಟ್ಟಿಗೆ ಒಂದು ಸಾಲು ತಪ್ಪಿತು.

"ಇದನ್ನ ಈಗ ಬ್ಯಾಂಕಿಗೆ ಕೊಟ್ರ?"
"ಈಗಲೂ ಯೂರೋ ಕೊಡುತ್ತಾರೆ. ಗಡುವಿಲ್ಲ."

ಗಡುವಿಲ್ಲ!
ಹುಟ್ಟು ನೀರಲ್ಲೇ ನಿಂತಿತು.
ಹದಿನೇಳು ದಿನ, ಯಂಕೋಬಣ್ಣ,
ನೀನು ಆ ಕಡೆ ಹುಟ್ಟಬಾರದಿತ್ತೇನೋ ಮಾರಾಯ?

"ಮತ್ಯಾಕ ಇಟಗೊಂಡೀ?"
ಅವಳು ನೋಟಿನ ಹೊಳೆಯ ಮೇಲೆ ಉಗುರಿಟ್ಟಳು.
ಆ ದಡ ಈಗ ಬೇರೆ ದೇಶ. ಸೇತುವೆಗೆ ಗೇಟು.
ಇಲ್ಲಿ, ಕಾಗದದಲ್ಲಿ, ಗೇಟು ಬಿಡಿಸಿಲ್ಲ.

ದಡಕ್ಕೆ ತಾಗಿದೆವು. ನಾನು ನೋಟು ಮಡಿಚಿ
ಎಡಗಡೆ ಜೇಬಿಗೆ ಇಳಿಸಿದೆ.
ಅವಳು ಚಪ್ಪಲಿ ಕೈಯಲ್ಲಿ ಹಿಡಿದು
ಮೆಟ್ಟಿಲು ಹತ್ತಿ ಅಗಸೆಯ ಕಡೆ ಹೊರಟಳು.
ಆಗ ಸಿಕ್ಕಿತು ನೆಟ್‌ವರ್ಕು.
ನನ್ನ ಸ್ಪೀಕರ್ ಡಬ್ಬಿ ಒಮ್ಮೆಗೇ ಕೂಗಿತು:
"ಐವತ್ತು ರೂಪಾಯಿ ಸ್ವೀಕರಿಸಲಾಗಿದೆ."

ಹೋಯ್ ಅಂದೆ. ಗಾಳಿ ಆ ಕಡೆಗಿತ್ತು.
ಐದು ಕ್ರೂನಿಗೆ ಚಿಲ್ಲರೆ ಎಷ್ಟು ಕೊಡಬೇಕೆಂದು
ಇನ್ನೂ ಲೆಕ್ಕ ಹಾಕುತ್ತಿದ್ದೇನೆ.